ಡಾಕ್ಟರಮ್ಮನ ಹೆಸರು ಅಳಿಸಲು ಕೂತಾಗ

ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್ ಇದ್ದ ಕಾಲದಲ್ಲಿ ಸೋಫಾದ ಮೇಲೆ ಇಬ್ಬರಿಗೂ ಜಾಗವಿತ್ತು. ಕಂಟ್ರೋಲರ್ ಎರಡು. ಟಿವಿ ಪರದೆ ಅಡ್ಡಲಾಗಿ ಎರಡು ಪಾಲು: ಮೇಲಿನದು ನನ್ನ ಗಂಡನದು, ಕೆಳಗಿನದು ನನ್ನದು. ಬಂದೂಕಿನ ಆಟ. ಗುಂಡು ತುಂಬುವ ಬಟನ್ನಿನ ಪಕ್ಕದಲ್ಲೇ ಹಾರುವ ಬಟನ್. ಪ್ರತಿ ಸಲವೂ ನಾನು ಮೊದಲು ಹಾರುತ್ತಿದ್ದೆ, ಆಮೇಲೆ ಗುಂಡು ತುಂಬುತ್ತಿದ್ದೆ. ಶತ್ರುವಿನ ಎದುರು ಕಪ್ಪೆಯ ಹಾಗೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಮದುವೆಯಾದ ಎರಡನೇ ವರ್ಷ ಅವನು ಪಿಸಿ ಜೋಡಿಸಿದ. ತಿಂಗಳಿಗೊಂದು ಬಿಡಿಭಾಗ ಬಂತು. ಕೊನೆಗೆ ಬಣ್ಣದ ದೀಪ ಉರಿಯುವ ಗಾಜಿನ ಪೆಟ್ಟಿಗೆಯೊಂದು ಮಲಗುವ ಕೋಣೆಯ ಮೂಲೆ ಹಿಡಿಯಿತು.

"ಮನೆಗೆ ಸವತಿ ಬಂದಿದ್ದಾಳೆ ಅತ್ತೆ," ಎಂದೆ ಫೋನಿನಲ್ಲಿ. ಅತ್ತೆ ನಕ್ಕರು. ನಾನೂ ನಕ್ಕೆ. ಆ ಮೂಲೆಯಲ್ಲಿ ಒಂದೇ ಕುರ್ಚಿ ಹಿಡಿಸುತ್ತಿತ್ತು.

ಸವತಿ ಪೆಟ್ಟಿಗೆಯಲ್ಲ. ಅವಳಿದ್ದದ್ದು ಹೆಡ್‌ಸೆಟ್‌ನೊಳಗೆ. ಆನ್‌ಲೈನ್ ಆಟದ ಅವನ ತಂಡದಲ್ಲಿ ಗಾಯಗೊಂಡವರನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ಅವಳದು, ಅದಕ್ಕೇ ಡಾಕ್ಟರಮ್ಮ. ಯಾವ ಊರಿನವಳೋ, ಅವನೂ ನೋಡಿರಲಿಲ್ಲ. "ಬರೀ ಆಟ ಕಣೇ," ಎನ್ನುತ್ತಿದ್ದ. ಆದರೆ ಹೊಟ್ಟೆ ಹಿಡಿದುಕೊಂಡು ನಗುವುದೆಲ್ಲ ಈಗ ಆ ಕುರ್ಚಿಯಲ್ಲಿ. ನನಗೆ ಕಾಣುತ್ತಿದ್ದದ್ದು ಅವನ ಬೆನ್ನು.

ಅವನು ಹೋಗಿ ಮೂರು ತಿಂಗಳು. ಆಫೀಸಿನ ಮೆಟ್ಟಿಲ ಮೇಲೆ ಕುಸಿದವನು ಏಳಲಿಲ್ಲ. ನಾನು ಅತ್ತಿಲ್ಲ. ಒಮ್ಮೆ ಅತ್ತುಬಿಟ್ಟರೆ ಹಗುರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ನಾದಿನಿಯ ಫೋನ್ ಬಂತು. "ಅತ್ತಿಗೆ, ನಾಳೆ ಬಂದು ಪಿಸಿ ತಗೊಂಡು ಹೋಗ್ತೀನಿ. ಒಳಗಿರೋದನ್ನೆಲ್ಲ ಅಳಿಸಿಬಿಡಿ. ಅಣ್ಣನ ಗುಟ್ಟೆಲ್ಲ ನಂಗ್ಯಾಕೆ!"

ಅಳಿಸಲು ಕೂತೆ. ಮೊದಲು ಅವನ ಆಟದ ಖಾತೆಯ ಗೆಳೆಯರ ಪಟ್ಟಿಯಲ್ಲಿದ್ದ ಡಾಕ್ಟರಮ್ಮನ ಹೆಸರು. ಅದನ್ನು ನನ್ನ ಕೈಯಾರೆ ಅಳಿಸಬೇಕಿತ್ತು. ಹೆಸರಿನ ಕೆಳಗೆ ಅವಳ ಸಂದೇಶಗಳು.

"ಎಲ್ಲಿ ಹಾಳಾಗಿ ಹೋದ್ಯೋ ಮಹಾನುಭಾವ?"

"ಹೆಂಡ್ತಿ ಕಟ್ಟಿ ಹಾಕಿದ್ಲಾ?"

"ಕೋಪ ಇದ್ರೆ ಬೈದುಬಿಡು. ಸುಮ್ನಿರಬೇಡ."

ಅವಳಿಗೆ ಗೊತ್ತಿಲ್ಲ. ಅವಳ ಪಾಲಿಗೆ ಅವನು ಎಲ್ಲೋ ಮುನಿಸಿಕೊಂಡು ಕೂತಿದ್ದಾನೆ. ಈ ಮೂರು ತಿಂಗಳೂ ನನ್ನ ಗಂಡ ಅವಳಿಗೆ ಬದುಕಿದ್ದ, ನನಗಿರಲಿಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಅವನು ಹೋದ ಮೇಲೆ ನನಗೆ ಏನಾದರೂ ಸುಟ್ಟದ್ದು ಅದೇ ಮೊದಲು.

ಅಷ್ಟರಲ್ಲಿ ಪರದೆಯ ಮೇಲೆ ಅವಳ ಕರೆ ಮೂಡಿತು, ಆಟಕ್ಕೆ ಬಾ ಎಂದು. ಕೀಬೋರ್ಡಿನಲ್ಲಿ ಆಡಲು ನನಗೆ ಬರುವುದಿಲ್ಲ. ಹಳೆಯ ಕಂಟ್ರೋಲರಿನ ವಯರ್ ಸಿಕ್ಕಿಸಿ ಹೆಡ್‌ಸೆಟ್ ಹಾಕಿಕೊಂಡೆ. ಮಾತಾಡಲಿಲ್ಲ.

"ಅಬ್ಬಾ, ದೊರೆಗಳ ದರ್ಶನ ಆಯ್ತು! ಮಾತಿಲ್ಲ ಕತೆಯಿಲ್ಲ. ಆಯ್ತು, ಆಮೇಲೆ ಜಗಳ ಆಡೋಣ. ಎಡಗಡೆ ಇಬ್ಬರಿದ್ದಾರೆ, ನೋಡು."

ಗುರಿಯಿಟ್ಟು ಹೊಡೆದೆ. ಗುಂಡು ಮುಗಿಯಿತು. ಹಾರಿದೆ, ಆಮೇಲೆ ತುಂಬಿದೆ. ಮತ್ತೆ ಮುಗಿಯಿತು. ಮತ್ತೆ ಹಾರಿದೆ.

ಪರದೆಯಲ್ಲಿ ಅವಳ ಗೊಂಬೆ ನನ್ನ ಕಡೆ ತಿರುಗಿ ನಿಂತಿತು.

"ಅಕ್ಕಾ? ನೀವಾ?"

ನಾನು ಇನ್ನೊಮ್ಮೆ ಹಾರಿದೆ.

"ನೀವೇ! ಗುಂಡು ತುಂಬೋಕೆ ಹೋಗಿ ಕಪ್ಪೆ ಥರ ಹಾರೋರು ಲೋಕದಲ್ಲಿ ನೀವೊಬ್ರೇ ಅಂತೆ. ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದ್ದಾನೆ. ಎಲ್ಲಿ ಆ ಸೋಮಾರಿ? ಕರೀರಿ ಅಕ್ಕಾ."

ಸಂತೋಷವಾಗಬೇಕಿತ್ತು. ಆಗಲಿಲ್ಲ. ಸೋಫಾದ ಮೇಲಿನ ಆ ನಗುವೊಂದಾದರೂ ನನ್ನೊಬ್ಬಳದು ಅಂದುಕೊಂಡಿದ್ದೆ. ನನ್ನನ್ನು ಕೇಳದೆ ಅದನ್ನೂ ಅವಳಿಗೆ ಹಂಚಿದ್ದ.

"ಅವನಿಲ್ಲ," ಎಂದೆ. "ಹೋಗಿ ಮೂರು ತಿಂಗಳಾಯ್ತು."

ಅವಳು ಅತ್ತಳು. ಒಂದು ಕ್ಷಣವೂ ತಡವಾಗಲಿಲ್ಲ, ಬಿದ್ದ ಮಗುವಿನ ಹಾಗೆ ಬಾಯಿಬಿಟ್ಟು ಅತ್ತಳು. ಅಳುವೂ ಅವಳಿಗೇ ಮೊದಲು ಬಂತು. ಹೆಡ್‌ಸೆಟ್ ತೆಗೆಯಲಿಲ್ಲ, ಧ್ವನಿ ಹೆಚ್ಚಿಸಿದೆ. ಅಳು ಎಲ್ಲಿಂದ ಹುಟ್ಟುತ್ತದೆ ಎಂದು ಕಿವಿಗೊಟ್ಟು ಕೇಳಿದೆ. ಪರದೆಯಲ್ಲಿ ನಾವಿಬ್ಬರೂ ಗುಂಡು ತಿಂದು ಬಿದ್ದಿದ್ದೆವು.

"ಅಕ್ಕಾ, ಇದ್ದೀರಾ?"

"ಇದ್ದೀನಿ."

ಹೆಸರು ಅಳಿಸಿದರೆ, ಆ ಕುರ್ಚಿಯಲ್ಲಿ ಕೂತು ನಕ್ಕವನು ಅವಳ ಹತ್ತಿರವೇ ಉಳಿದುಬಿಡುತ್ತಾನೆ.

"ಇನ್ನೇನು ಹೇಳ್ತಿದ್ದ?" ಎಂದೆ. "ಮೊದಲಿಂದ ಹೇಳು. ಒಂದನ್ನೂ ನೀನಿಟ್ಕೋಬೇಡ."