ಗ್ರಾಫಿನಲ್ಲಿ ವಿಭೂತಿ

ನಮ್ಮ ಆಯಿ, ಅಂದರೆ ಅಜ್ಜಿ ಶಿವಕಾಂತಮ್ಮನ ಪ್ರಕಾರ, ವಿಭೂತಿ ಹಚ್ಚದೆ ಶುರು ಮಾಡಿದ ಕೆಲಸ ಕೆಲಸವೇ ಅಲ್ಲ. ಹೊಲಿಗೆ ಯಂತ್ರ, ಅಣ್ಣನ ಬೈಕು, ಹೊಸ ಫ್ರಿಜ್, ಯಾವುದನ್ನೂ ಬಿಟ್ಟವಳಲ್ಲ.

ಆ ಸಂಜೆ ಸೇಡಂ ಕಾಲೇಜಿನ ಲ್ಯಾಬಿನಿಂದ ಒಂದು ಸಣ್ಣ ಬಾಟಲಿ ಮನೆಗೆ ತಂದಿದ್ದೆ. ಅದರೊಳಗಿನ ಬಿಳಿ ಪುಡಿ ನನ್ನ ಒಂದು ವರ್ಷದ ದುಡಿಮೆ. ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೆ ಹೊಸ ಗುಂಪೊಂದನ್ನು ಜೋಡಿಸಿದ್ದೆ. ಅದು ನಿಜಕ್ಕೂ ಕೂಡಿಕೊಂಡಿದೆಯೇ ಎಂದು ಹೇಳಬೇಕಾದದ್ದು ಕಲಬುರಗಿಯ ಇನ್‌ಫ್ರಾರೆಡ್ ಯಂತ್ರ. ನಾಳೆ ಗ್ರಾಫ್ ಸರಿ ಬರದಿದ್ದರೆ ನಾಡಿದ್ದು ಸಮಿತಿಗೆ ತೋರಿಸಲು ಏನೂ ಇಲ್ಲ, ನನ್ನ ಪಿಎಚ್‌.ಡಿ. ಅಲ್ಲಿಗೇ ಮುಗಿಯಿತು.

"ರಾತ್ರಿ ದೇವರ ಜಗಲಿ ಮ್ಯಾಲ ಇರ್ಲಿ ತಗೋ," ಅಂದಳು ಆಯಿ. ಇಟ್ಟೆ.

ಮರುದಿನ ವಾಡಿ, ಶಹಾಬಾದ ದಾಟಿ ಕಲಬುರಗಿಗೆ ಹೋದೆ. ನನ್ನ ಗೈಡ್ ಶೌಕತ ಅಲಿ ಸರ್ ಯಂತ್ರದಲ್ಲಿ ಚಿಟಿಕೆ ಪುಡಿ ಇಟ್ಟರು. ಅಣುವಿನ ಒಂದೊಂದು ಬಂಧವೂ ತನಗೆ ಒಗ್ಗುವ ಬೆಳಕನ್ನಷ್ಟೇ ಹೀರುತ್ತದೆ. ಹೀರಿದ ಕಡೆ ಗ್ರಾಫಿನ ಗೆರೆ ಕೆಳಗಿಳಿಯುತ್ತದೆ. ನನ್ನ ಹೊಸ ಬಂಧದ ತಗ್ಗು ಇರಬೇಕಾದ ಜಾಗದಲ್ಲೇ ಇತ್ತು. ಅದರ ಪಕ್ಕದಲ್ಲಿ ಮಾತ್ರ ಯಾರೂ ಕರೆಯದ ಅಗಲವಾದ ಹೊಂಡವೊಂದು ಬಿದ್ದಿತ್ತು.

"ಇದು ಕಾರ್ಬೊನೇಟ್ ಉಮಾ, ಸುಣ್ಣದ ಕಲ್ಲಿನ ಜಾತಿ. ರೈಲಿನಾಗ ಬಾಟ್ಲಿ ತೆಗೆದಿದ್ದೇನು? ವಾಡಿ ಸಿಮೆಂಟ್ ಧೂಳ ಬಿತ್ತೇನು?" ಎಂದು ಸರ್ ಕೇಳಿದರು.

"ಇಲ್ರಿ ಸರ್," ಎನ್ನುವಷ್ಟರಲ್ಲೇ ನನಗೆ ಹೊಳೆಯಿತು. ಹೊರಗೆ ಬಂದು ಮನೆಗೆ ಫೋನ್ ಹಚ್ಚಿದೆ.

"ಆಯಿ, ಬಾಟ್ಲಿ ಮುಚ್ಚಳ ತೆಗೆದಿದ್ದೇನು?"

"ಹೂಂ. ಒಂದ್ ಚಿಟಿಕಿ ವಿಭೂತಿ ಹಾಕೀನಿ. ಸಣ್ಣಾಕಿದ್ದಾಗ ನಿನಗ ಜ್ವರ ಬಂದ್ರ ಹಾಲಿನಾಗ ಹಾಕ್ತಿದ್ದೆ, ಆರಾಮ ಆಗ್ತಿದ್ದಿ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಒಂದ್ ವರ್ಷದ ಕೆಲಸ ಹಾಳ್ ಮಾಡಿದಿ," ಎಂದು ಫೋನ್ ಕಟ್ ಮಾಡಿದೆ.

ವಿಷಯ ಕೇಳಿ ಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಫಿಕರ್ ಮಾಡಬ್ಯಾಡ. ನಿನ್ನ ಪುಡಿ ಸ್ಪಿರಿಟ್‌ನಾಗ ಕರಗ್ತದ, ವಿಭೂತಿ ಸುಣ್ಣದ ಜಾತಿ, ಕರಗಂಗಿಲ್ಲ. ಸೋಸು."

ಕರಗಿಸಿ, ಸೋಸಿ, ಒಣಗಿಸಿ ಮತ್ತೆ ಯಂತ್ರಕ್ಕೆ ಇಟ್ಟಾಗ ಸಂಜೆಯಾಗಿತ್ತು. ಹೊಂಡ ಹೋಗಿತ್ತು, ನನ್ನ ಬಂಧ ಹಾಗೇ ಇತ್ತು. ಸರ್ ಆ ಗ್ರಾಫನ್ನು ಸಮಿತಿಯ ಫೈಲಿಗೆ ಸೇರಿಸಿದರು.

ಮನೆಗೆ ಬಂದರೆ ಆಯಿ ಊಟ ಬಿಟ್ಟು ಕೂತಿದ್ದಳು.

"ಖರೇನೇ ಹಾಳಾತೇನವ್ವಾ?"

"ನೀ ಹಾಕಿದ್ದು ಸೋಸಿ ತೆಗದ್ವಿ. ನಾ ಮಾಡಿದ್ದು ಸರಿ ಅದ."

ವಿಭೂತಿ ಸೋಸಿದ್ದಕ್ಕೆ ನೊಂದುಕೊಂಡಾಳೇನೋ ಎಂದು ಮುಖ ನೋಡಿದೆ. ಅವಳು ನನ್ನ ಗಲ್ಲ ಹಿಡಿದಳು.

"ಹಂಗಾದ್ರ ನಾ ಸುಮ್ನ ಅಂಜಿ ವಿಭೂತಿ ಹಾಕಿದ್ದೆ. ನಿನ್ನ ಕೆಲಸ ಇಷ್ಟು ಗಟ್ಟಿ ಅದ ಅಂತ ನನಗ್ಯಾರ್ ಹೇಳಿದ್ರು?"

ಈ ಮುದುಕಿಯ ಮೇಲೆ ನನಗೆ ಅದೆಷ್ಟು ಜೀವವೋ. ಬೈದ ಬಾಯಿಂದಲೇ "ಉಣ್ಣು ಬಾ ಆಯಿ" ಎಂದೆ.