ಮೂರನೇ ದಿನದ ಬಿಸಿ

ಯಾವ ದೇಶ ನೆಲದೊಳಗಿನ ಬಿಸಿಯನ್ನು ಎಷ್ಟು ಬಳಸುತ್ತಿದೆ ಎಂದು ವರ್ಷಕ್ಕೊಮ್ಮೆ ಪಟ್ಟಿ ಮಾಡುವುದು ನಮ್ಮ ಇಲಾಖೆಯವರು ನನ್ನ ತಲೆಗೆ ಕಟ್ಟಿದ ಕೆಲಸ. ಐಸ್‌ಲ್ಯಾಂಡಿನಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳನ್ನು ಬೆಚ್ಚಗಿಡುವುದು ಅದೇ. ಕೆನ್ಯಾದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ಅದರದ್ದು. ಟರ್ಕಿಯವರು ಅದರಲ್ಲಿ ಟೊಮೆಟೊ ಕೂಡ ಬೆಳೆಯುತ್ತಾರೆ. ನಮ್ಮ ದೇಶದ ಮುಂದೆ ಸೊನ್ನೆ. ಹದಿನಾಲ್ಕು ವರ್ಷದಿಂದ ಆ ಸೊನ್ನೆ ಒತ್ತಿ ಒತ್ತಿ ನನಗೆ ಸಾಕಾಗಿದೆ.

ಈ ಸಲ ಅದನ್ನು ಅಳಿಸಿಯೇ ತೀರುತ್ತೇನೆ ಎಂದು ಹೊರಟವನು ನನ್ನ ಅಣ್ಣ, ಕೊರೆಯುವ ತಂಡದ ಮೇಸ್ತ್ರಿ. ಹನ್ನೊಂದು ತಿಂಗಳು ಒಂದೇ ಬಾವಿ. ತಳದಲ್ಲಿ ಬಿಸಿ ನೂರು ಡಿಗ್ರಿ ದಾಟಿದರೆ ವಿದ್ಯುತ್ ಸ್ಥಾವರ, ಇಲ್ಲದಿದ್ದರೆ ಬಾಯಿಗೆ ಸಿಮೆಂಟು. ತಾಪಮಾಪಕ ಇಳಿಸುವವಳು ನಾನು. ಕೊರೆಯುವಾಗ ಸುರಿದ ತಣ್ಣೀರಿಗೆ ಕಲ್ಲು ತಣ್ಣಗಾಗಿರುತ್ತದೆ. ಹತ್ತು ದಿನ ಸುಮ್ಮನೆ ಬಿಟ್ಟು ಅಳೆಯಬೇಕು. ನಮ್ಮ ಕೆಲಸದಲ್ಲಿ ಇದು ಅ ಆ ಇ ಈ.

ನಾನು ಮೂರನೇ ದಿನವೇ ಇಳಿಸಿದೆ. ತಗಡಿನ ಶೆಡ್ಡಿನಲ್ಲಿ ಮಲಗಿ ಎರಡು ತಿಂಗಳಾಗಿತ್ತು, ಬೆನ್ನು ಹಿಡಿದಿತ್ತು. ಯಾವಾಗ ಬರುತ್ತೀ ಎಂದು ಮಗಳು ಫೋನಿನಲ್ಲಿ ಕೇಳುವುದನ್ನೂ ಬಿಟ್ಟಿದ್ದಳು. ತೊಂಬತ್ತೊಂದು ಬಂತು. ‘ಎಷ್ಟನೇ ದಿನ’ ಎಂಬ ಖಾನೆಯನ್ನು ಖಾಲಿ ಬಿಟ್ಟು ಕಾಗದ ಕೊಟ್ಟೆ. ಸಾಹೇಬರು ಕಣ್ಣು ಮುಚ್ಚಿ ಸಹಿ ಹಾಕಿದರು. ಅವರಿಗೂ ಹೊರಡುವ ಆತುರ.

ಮರುದಿನ ಸಿಮೆಂಟಿನ ಲಾರಿ ಬಂತು. ಅಣ್ಣ ಹಾರಾಡುತ್ತಾನೆ ಎಂದು ಕಾದೆ. ಲಾರಿಗೆ ಬಾವಿಯವರೆಗೆ ದಾರಿ ತೋರಿಸಿದವನು ಅವನೇ.

ಸಂಜೆ ಮುಚ್ಚಿದ ಬಾವಿಯ ಮೇಲೆ ಅಂಗೈ ಊರಿ ಕೂತಿದ್ದ.

“ಬಿಸಿ ಇದೆ ಕಣೇ.”

“ಸಿಮೆಂಟು ಗಟ್ಟಿ ಆಗೋವಾಗ ಬಿಸಿ ಆಗುತ್ತಲ್ಲ, ಅಣ್ಣ.”

“ಗೊತ್ತು. ನಾನೇನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಾ?”

ನನಗೆ ತಡೆಯಲಾಗಲಿಲ್ಲ. “ಮೂರೇ ದಿನ ಆಗಿದ್ದು ನಿಂಗೆ ಗೊತ್ತಿತ್ತಲ್ಲ. ಒಂದು ಮಾತು ಬೈದಿದ್ರೆ ನಿಲ್ಲಿಸ್ತಿದ್ದೆ.”

“ಬೈಯೋಣ ಅಂತಾನೇ ಶೆಡ್ಡಿಗೆ ಬಂದೆ. ನೀನು ಬಟ್ಟೆ ಮಡಚಿ ಚೀಲಕ್ಕೆ ತುಂಬ್ತಿದ್ದೆ.” ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ನೂರಾ ಮೂವತ್ತು ಬಂದುಬಿಟ್ಟಿದ್ರೆ ಇನ್ನೂ ಹತ್ತು ಬಾವಿ ಕೊರೀಬೇಕಿತ್ತು. ನನ್ನ ಕೈಲಿ ಆಗಲ್ಲ ಅನ್ನಿಸ್ತು.”

ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ನಿದ್ದೆ ಮಾಡಿದೆವು. ನಾಚಿಕೆಯಾಗಬೇಕಿತ್ತು, ಆಗಿದ್ದು ಆಮೇಲೆ.

ನಿನ್ನೆ ಮನೆಯಲ್ಲೇ ಕೂತು ಈ ವರ್ಷದ ಪಟ್ಟಿ ಮುಗಿಸಿದೆ. ಮಗಳು ನನ್ನ ಭುಜಕ್ಕೆ ಗಲ್ಲ ಊರಿ ಓದುತ್ತಿದ್ದಳು. ನಮ್ಮ ಸಾಲಿನ ಮೇಲೆ ಬೆರಳಿಟ್ಟಳು.

“ಇಲ್ಲಿ ಮಾತ್ರ ಯಾಕಮ್ಮ ಸೊನ್ನೆ?”

“ನಾನು ಮನೆಗೆ ಬಂದ್ನಲ್ಲ,” ಎಂದೆ, “ಅದಕ್ಕೆ.”