ಜಾಮೀನು ಸಿಕ್ಕ ಮೇಲೂ ಮನೆಗೆ ಬಾರದ ಮಗ

ಮನೆಯಲ್ಲಿ ಜ್ವರ ಬಂದರೆ ಊರಿಗೆಲ್ಲ ಹೇಳುತ್ತೇವೆ, ಕೇಸು ಬಿದ್ದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತೇವೆ. ಅಂಬ್ಲಿಗೊಳ ಕಾಲುವೆ ಬದಿಯ ಒಂದು ಹಳ್ಳಿಯಲ್ಲಿ ದುರ್ಗಮ್ಮ ಮತ್ತು ಅವಳ ಗಂಡ ರಾಜಪ್ಪ ಹೀಗೆ ಏಳು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಆದದ್ದು ಇಷ್ಟು. ದೀಪಾವಳಿ ಕಳೆದ ಮರುವಾರ ಅವರ ಮಗ ರವಿ ಟ್ರ್ಯಾಕ್ಟರಿನಲ್ಲಿ ಮೆಕ್ಕೆಜೋಳ ಹೇರಿಕೊಂಡು ಆನವಟ್ಟಿಗೆ ಹೋಗಿದ್ದ. ಅಲ್ಲಿ ತೂಕದ ಸಾಲಿನಲ್ಲಿ ನಾನು ಮುಂದೆ, ನೀನು ಹಿಂದೆ ಎಂದು ಮಾತು ಬೆಳೆದು, ಕೈ ಕೈ ಮಿಲಾಯಿಸಿ, ಒಬ್ಬರ ಕಾಲು ಮುರಿಯಿತು. ನಾಲ್ವರ ಮೇಲೆ ಕೇಸಾಯಿತು. ಉಳಿದ ಮೂವರು ಆನವಟ್ಟಿ ಕಡೆಯವರು, ಸಂಕ್ರಾಂತಿ ಹೊತ್ತಿಗೆ ಮನೆ ಸೇರಿದರು. ರವಿ ಮಾತ್ರ ಜೈಲಿನಲ್ಲೇ ಉಳಿದ.

ರವಿ ಎಲ್ಲಿ ಎಂದು ಊರವರು ಕೇಳಿದಾಗ ರಾಜಪ್ಪ ಹಿಂದೆಮುಂದೆ ನೋಡದೆ, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಕೆಲಸ ಸಿಕ್ಕಿದೆ ಎಂದುಬಿಟ್ಟ. ಒಂದು ಸುಳ್ಳು ಹೇಳಿದರೆ ಸಾಕೇ, ಅದಕ್ಕೆ ಸಂಬಳ ಹೇಳಬೇಕು, ಸಾಹುಕಾರರ ಹೆಸರು ಹೇಳಬೇಕು. ಮಹಿಳಾ ಸಂಘದ ಅಧ್ಯಕ್ಷೆ ಬಸಕ್ಕ ಕಂಡಾಗಲೆಲ್ಲ, ಮಗ ಬರುವಾಗ ಒಂದು ಕೇಜಿ ಕಾಫಿಪುಡಿ ತರಲಿ ಎನ್ನುತ್ತಿದ್ದಳು. ದುರ್ಗಮ್ಮ ನಕ್ಕು ತಲೆಯಾಡಿಸುತ್ತಿದ್ದಳು. ಮನೆಗೆ ಬಂದು ಒಲೆ ಮುಂದೆ ಕೂತು ಅಳುತ್ತಿದ್ದಳು. ಜೈಲಿಗೆ ಹೋಗಿ ಮಗನ ಮುಖ ನೋಡಿ ಬರೋಣವೆಂದರೆ, ಹೆಂಗಸರು ಬರುವ ಜಾಗವಲ್ಲ ಅದು ಎಂದು ರಾಜಪ್ಪ ಒಬ್ಬನೇ ಹೋಗಿ ಬರುತ್ತಿದ್ದ. ಬಂದವನು ಪ್ರತಿ ಸಲವೂ ಜಾಮೀನು ಇನ್ನೂ ಆಗಿಲ್ಲ ಎನ್ನುತ್ತಿದ್ದ.

ಮುಂಗಾರಿನ ಉಳುಮೆ ಶುರುವಾದ ದಿನಗಳಲ್ಲಿ ಶ್ರೀಲತಾ ಎಂಬ ಹುಡುಗಿ ಸೊರಬದಿಂದ ಬಸ್ಸು ಹತ್ತಿ ಬಂದಳು. ತಾನು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ, ರವಿಯ ವಿಷಯ ಮಾತಾಡಬೇಕು ಎಂದಳು. ದುರ್ಗಮ್ಮ, ನನ್ನ ಮಗ ಚಿಕ್ಕಮಗಳೂರಿನಲ್ಲಿದ್ದಾನೆ, ನೀವು ಬೇರೆ ಯಾರನ್ನೋ ಹುಡುಕುತ್ತಿರಬೇಕು ಎಂದು ಬಾಗಿಲಲ್ಲೇ ಅಡ್ಡ ನಿಂತಳು.

ಶ್ರೀಲತಾ ದನಿ ಏರಿಸಲಿಲ್ಲ. ಕುಡಿಯಲು ನೀರು ಕೇಳಿದಳು. ಬಾಯಾರಿ ಬಂದವರನ್ನು ಹೊಸಿಲಾಚೆ ನಿಲ್ಲಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಒಳಗೆ ಮೂಲೆಯಲ್ಲಿ ರಾಜಪ್ಪ ಕೂತಿದ್ದ. ಶ್ರೀಲತಾ ಕೂತವಳೇ ಚೀಲದಿಂದ ಒಂದು ಹಾಳೆ ತೆಗೆದಳು. ಉದ್ದಕ್ಕೆ ಸಾಲುಗಳಿದ್ದವು, ಸಾಲಿಗೆ ನಾಲ್ಕು ತಾರೀಕಿನ ಜಾಗ.

ಹಾಳೆ ನೋಡಿದ್ದೇ ದುರ್ಗಮ್ಮನಿಗೆ ಸಿಟ್ಟು ಬಂತು. "ಇರೋ ಮಾನ ಹೋಗೈತಿ. ಅದನ್ನ ಹಾಳೆ ಮೇಲೆ ಬರ್ಕೊಂಡು ಊರೂರು ತಿರುಗ್ತೀಯೇನವ್ವ?"

"ಇಲ್ರೀ ಅಮ್ಮ. ಮೇಲಿನ ಅಧಿಕಾರಿಗಳ ಸಭೆಗೆ ಹೋಗೋದು ಬರೀ ಸಂಖ್ಯೆ. ನಿಮ್ಮ ಮಗನ ಹೆಸರು ನಮ್ಮ ಆಫೀಸು ದಾಟಿ ಹೋಗಲ್ಲ."

ಆಮೇಲೆ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಇಷ್ಟು ದಿನ ಪೊಲೀಸ್ ಸ್ಟೇಷನ್ನು, ಕೋರ್ಟು, ಜೈಲು ಮೂರೂ ಕಡೆ ಬೇರೆ ಬೇರೆ ಲೆಕ್ಕ ಇಡುತ್ತಿದ್ದರು. ಸ್ಟೇಷನ್ನಿನವರು ಚಾರ್ಜ್‌ಶೀಟ್ ಹಾಕಿದರೆ ಅವರ ಕೆಲಸ ಮುಗಿಯಿತು. ಜಾಮೀನು ಕೊಟ್ಟರೆ ಕೋರ್ಟಿನಲ್ಲಿ ಆ ಅರ್ಜಿ ವಿಲೇವಾರಿಯಾಯಿತು. ಜೈಲಿನವರು ಬೆಳಗಾದರೆ ತಲೆ ಎಣಿಸಿ, ವಿಚಾರಣಾ ಕೈದಿಗಳು ಇಷ್ಟು ಎಂದು ಬರೆಯುತ್ತಿದ್ದರು. ಒಬ್ಬರದೂ ತಪ್ಪಲ್ಲ, ಸುಳ್ಳೂ ಅಲ್ಲ. ಆದರೆ ಒಂದೇ ಕಣದ ಭತ್ತವನ್ನು ಒಬ್ಬ ಕೊಳಗದಲ್ಲಿ, ಒಬ್ಬ ಚೀಲದಲ್ಲಿ, ಇನ್ನೊಬ್ಬ ಕ್ವಿಂಟಾಲಿನಲ್ಲಿ ಅಳೆದು ಕೂತರೆ ಎಲ್ಲಿ ಸೋರಿತೆಂದು ಯಾರಿಗೆ ತಿಳಿಯುತ್ತದೆ? ಅದಕ್ಕೇ ಈಗ ಮೂವರೂ ಸೇರಿ ಒಂದೇ ಪಟ್ಟಿ ಮಾಡಿದ್ದಾರೆ. ಹಿಡಿದ ದಿನ, ಚಾರ್ಜ್‌ಶೀಟ್ ಹಾಕಿದ ದಿನ, ಜಾಮೀನು ಸಿಕ್ಕ ದಿನ, ಹೊರಬಂದ ದಿನ. ಒಬ್ಬ ಮನುಷ್ಯನಿಗೆ ಒಂದು ಸಾಲು.

"ನಿಮ್ಮ ರವಿ ಸಾಲಲ್ಲಿ ಮೂರು ತಾರೀಕು ಅದಾವೆ, ನಾಲ್ಕನೇದು ಖಾಲಿ," ಎಂದಳು ಶ್ರೀಲತಾ. "ಜಾಮೀನು ಸಿಕ್ಕು ನಾಲ್ಕು ತಿಂಗಳು ಹನ್ನೊಂದು ದಿನ ಆತು. ಹೊರಗೆ ಬಂದಿಲ್ಲ. ಯಾಕೆ ಅಂತ ಕೇಳಾಕೆ ಬಂದೀನಿ."

ದುರ್ಗಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ಶ್ರೀಲತಾಳನ್ನು ನೋಡಲಿಲ್ಲ, ಮೂಲೆಯಲ್ಲಿ ಕೂತಿದ್ದ ಗಂಡನನ್ನು ನೋಡಿದಳು.

"ಪಹಣಿ ಇರೋರು ಒಬ್ರು ಬಂದು ಜಾಮೀನು ನಿಲ್ಲಬೇಕು ಅಂದ್ರು," ಎಂದ ರಾಜಪ್ಪ. "ನಮ್ಮ ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಐತಿ. ಸತ್ತೋರ ಹೆಸರಿಂದು ನಡೆಯಂಗಿಲ್ಲ ಅಂದ್ರು. ಬೇರೆಯವ್ರನ್ನ ಕೇಳಬೇಕಂದ್ರೆ ಊರಿಗೆ ಗೊತ್ತಾಗುತ್ತೆ. ನಿನಗ ಹೇಳಿದ್ರೆ ನೀನು ಸುಮ್ನಿರ್ತಿರಲಿಲ್ಲ."

ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಖಾತೆ ಬದಲಾಯಿಸಲು ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎಂದೇ ಅಷ್ಟೂ ವರ್ಷ ಕಳೆದಿದ್ದ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಬೇರೆಯವರಿಗೆ ಬುದ್ಧಿ ಹೇಳುವವನು ಅವನು. ಆ ಮಾನ ಕಾಯಲು ಹೋಗಿ, ಮಗನ ನಾಲ್ಕು ತಿಂಗಳನ್ನು ಗೋಡೆಗಳ ನಡುವೆ ಬಿಟ್ಟಿದ್ದ. ದುರ್ಗಮ್ಮನಿಗೆ ಅವನ ಮೇಲೆ ಬಂದ ಕೋಪ ಸಣ್ಣದಲ್ಲ. ಆದರೆ ಜಗಳವಾಡುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಸಕ್ಕನ ಮನೆಗೆ ಹೊರಟಳು. ಬಸಕ್ಕನಿಗೆ ಎರಡು ಎಕರೆ ಸ್ವಂತ ಹೆಸರಿನಲ್ಲಿತ್ತು.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದಳು. ಬಸಕ್ಕನ ಎದುರು ನಿಂತಾಗ ಎಲ್ಲ ಮರೆತು, ಮಗ ಜೈಲಿನಲ್ಲಿದ್ದಾನೆ, ಜಾಮೀನು ನಿಲ್ಲಲು ಪಹಣಿ ಇರುವವರು ಬೇಕು ಎಂದಷ್ಟೇ ಹೇಳಿದಳು. ಬಸಕ್ಕ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ತೋಟಕ್ಕೆ ಹೋದ ಮಗ ಏಳು ತಿಂಗಳಲ್ಲಿ ಅವ್ವಂಗೆ ಒಂದು ಫೋನ್ ಮಾಡಂಗಿಲ್ಲೇನೇ? ಏನೋ ಐತಿ ಅಂತ ನನಗೆ ಗೊತ್ತಿತ್ತು. ನೀನಾಗೇ ಹೇಳ್ತಿ ಅಂತ ಕಾಯ್ತಿದ್ದೆ. ನಾಳೆ ಎಷ್ಟು ಗಂಟೆಗೆ ಬಸ್ಸು?"

ದುರ್ಗಮ್ಮ ಅಲ್ಲೇ ಕುಸಿದು ಕೂತು ಮನಸಾರೆ ಅತ್ತಳು. ಏಳು ತಿಂಗಳಲ್ಲಿ ಇನ್ನೊಬ್ಬರ ಮುಂದೆ ಅತ್ತದ್ದು ಅದೇ ಮೊದಲು.

ಮರುದಿನ ಸಮಿತಿಯ ಉಚಿತ ವಕೀಲರು ಕೋರ್ಟಿನ ಬಾಗಿಲಲ್ಲೇ ಸಿಕ್ಕರು. ಬಸಕ್ಕನ ಪಹಣಿ, ಆಧಾರ್ ನೋಡಿ ಕಾಗದ ಸಿದ್ಧ ಮಾಡಿದರು. ನಾಲ್ಕನೇ ದಿನ ಮಧ್ಯಾಹ್ನ ರವಿ ಮನೆಯ ಮುಂದೆ ನಿಂತಿದ್ದ. ಸೊರಗಿದ್ದ. ದುರ್ಗಮ್ಮ ಅವನಿಗೆ ರೊಟ್ಟಿ ಹಾಕಿ, ತಿನ್ನುವುದನ್ನೇ ನೋಡುತ್ತ ಕೂತಳು. ಕೇಸು ಇನ್ನೂ ಇದೆ, ಕರೆದ ದಿನವೆಲ್ಲ ಅವನು ಕೋರ್ಟಿಗೆ ಹೋಗಲೇಬೇಕು. ಆದರೆ ಮನೆಯಿಂದ ಹೋಗುತ್ತಾನೆ, ಮನೆಗೆ ಬರುತ್ತಾನೆ. ಮುಂದಿನ ಸೋಮವಾರ ರಾಜಪ್ಪ ಯಾರೂ ಹೇಳದೆಯೇ ಖಾತೆ ಬದಲಾವಣೆಯ ಅರ್ಜಿ ಹಿಡಿದು ನಾಡಕಚೇರಿಗೆ ಹೋದ.

ಶ್ರೀಲತಾ ಮತ್ತೆ ಬಂದಾಗ, ತನ್ನ ಪಾಲಿಗೆ ಬಂದ ಹಾಳೆಯಲ್ಲಿ ಇನ್ನೂ ಒಂಬತ್ತು ಸಾಲುಗಳಲ್ಲಿ ಕೊನೆಯ ತಾರೀಕು ಖಾಲಿ ಇದೆ ಎಂದಳು. ಇಂಥವರು ಎಷ್ಟು ಜನ, ಯಾವ ಕಾರಣಕ್ಕೆ ಉಳಿದರು ಎಂದು ಒಟ್ಟಾಗಿ ಕಂಡರೆ ತಾನೇ, ವಕೀಲರನ್ನು ಎಲ್ಲಿಗೆ ಕಳಿಸಬೇಕು, ಯಾವ ನಿಯಮ ಸಡಿಲಿಸಬೇಕು ಎಂದು ಮೇಲಿನವರು ತೀರ್ಮಾನಿಸುವುದು. ಆದರೆ ಮನೆಯವರು ಬಾಯಿ ಬಿಡುತ್ತಿಲ್ಲ, ಬಂದಳಿಕೆ ಕಡೆಯ ಒಂದು ಮನೆಯಲ್ಲಿ ತನ್ನನ್ನು ಒಳಗೇ ಬಿಡಲಿಲ್ಲ ಎಂದಳು.

"ನಡಿಯವ್ವ, ನಾನೂ ಬರ್ತೀನಿ," ಎಂದಳು ದುರ್ಗಮ್ಮ. "ನೀನು ಸುಮ್ನೆ ನಿಂತ್ಕ. ಆ ತಾಯಿ ಹತ್ರ ನಾನು ಮಾತಾಡ್ತೀನಿ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರು ಯಾರಾದರೂ ಒಳಗಿದ್ದರೆ ಆ ನಾಲ್ಕು ತಾರೀಕು ಕೇಳಿ ಬರೆದಿಡಿ. ಬಂಧನದಲ್ಲಿರುವವರಿಗೆ ವಕೀಲರನ್ನು ಉಚಿತವಾಗಿ ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನಿಮ್ಮ ಮನೆಯವರು ಯಾರೂ ಒಳಗಿಲ್ಲವೆಂದರೂ ಸುಮ್ಮನಿರಬೇಡಿ. ನಿಮ್ಮ ತಾಲ್ಲೂಕಿನಲ್ಲೂ ಸ್ಟೇಷನ್ನು, ಕೋರ್ಟು, ಜೈಲಿನ ಲೆಕ್ಕ ಒಂದೇ ಪಟ್ಟಿಯಲ್ಲಿ ಬರಲಿ ಎಂದು ಗ್ರಾಮಸಭೆಯಲ್ಲಿ ಕೇಳಿ, ವೋಟು ಕೇಳಲು ಬಂದವರನ್ನೂ ಕೇಳಿ. ಲೆಕ್ಕಕ್ಕೆ ಸಿಗದವನನ್ನು ಯಾರೂ ಹುಡುಕುವುದಿಲ್ಲ. ಅವನೂ ಯಾರದೋ ಮಗ.